ತಾಯಿ ಹೇಗಿದ್ದಾಳೆ?

ನಾಯಿ ಈದ ಮನೆಗೆ ಹೋದವರು ಮೊದಲು ಕೇಳುವುದು, “ಎಷ್ಟು ಮರಿ?” ಎಂದು. ಆಮೇಲೆ, “ಗಂಡೆಷ್ಟು, ಹೆಣ್ಣೆಷ್ಟು?” ಕೊನೆಗೆ, “ಒಂದಕ್ಕೆ ಎಷ್ಟಂತೆ?” ಈ ಮೂರಕ್ಕೂ ಉತ್ತರ ದೊರೆತ ಮೇಲೆ ಮಾತು ಮಳೆಯ ಕಡೆಗೋ ಅಡಿಕೆಯ ಧಾರಣೆಯ ಕಡೆಗೋ ಹೊರಳುತ್ತದೆ. ಅಷ್ಟು ಹೊತ್ತೂ ಮೂಲೆಯ ಗೋಣಿತಾಟಿನ ಮೇಲೆ ಮಲಗಿ, ಬಾಗಿಲಿನತ್ತ ಒಂದು ಕಣ್ಣು, ಮರಿಗಳತ್ತ ಒಂದು ಕಣ್ಣು ಇಟ್ಟುಕೊಂಡಿರುವ ತಾಯಿನಾಯಿಯ ಬಗ್ಗೆ ಕೇಳುವವರು ವಿರಳ. ಹಲವು ಧರ್ಮಕೇಂದ್ರಗಳಲ್ಲಿ ವರ್ಷ ವರ್ಷವೂ ಮನೆ ಆಶೀರ್ವಾದಕ್ಕೆಂದು ಓಣಿ ಓಣಿ ತಿರುಗಿದ ನಾನು ಗಮನಿಸುತ್ತ ಬಂದಿರುವ ಸಂಗತಿ ಇದು.

ಗುರುಗಳಿಗೇಕೆ ನಾಯಿಯ ಬಾಣಂತನದ ಚಿಂತೆ ಎಂದು ಕೆಲವರು ನಗಬಹುದು. ಆದರೆ ನಾಯಿಸಾಕಣೆಗೂ ನಮ್ಮ ಧರ್ಮಸಭೆಯ ಗುರುಗಳಿಗೂ ಹಳೆಯ ನಂಟಿದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಸಂತ ಅಗಸ್ಟೀನರ ನಿಯಮವನ್ನು ಪಾಲಿಸುವ ಗುರುಗಳ ಆಶ್ರಯಧಾಮವಿದೆ. ಅವರು ಹದಿನೇಳನೆಯ ಶತಮಾನದಿಂದಲೇ ದೊಡ್ಡ ಗಾತ್ರದ ನಾಯಿಗಳನ್ನು ಸಾಕಿ, ತಳಿ ಉಳಿಸಿಕೊಂಡು ಬಂದರು. ಹಿಮದಲ್ಲಿ ಹೂತುಹೋದ ಪ್ರಯಾಣಿಕರನ್ನು ಹುಡುಕುವುದರಲ್ಲಿ ಆ ನಾಯಿಗಳು ನೆರವಾದವು. 1800ರಿಂದ 1814ರವರೆಗೆ ಬದುಕಿದ್ದ ಬ್ಯಾರಿ ಎಂಬ ನಾಯಿಯ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಆ ತಳಿಯ ಸಾಕಣೆಯ ಹೊಣೆಯನ್ನು 2005ರಲ್ಲಿ ಆರಂಭವಾದ ಬ್ಯಾರಿ ಪ್ರತಿಷ್ಠಾನ ವಹಿಸಿಕೊಂಡಿದೆ. ಆದ್ದರಿಂದ ಈ ವಿಷಯವನ್ನು ಕುರಿತು ಒಬ್ಬ ಗುರು ನಾಲ್ಕು ಮಾತು ಬರೆದರೆ ಅದು ಅಪ್ರಸ್ತುತವಾಗಲಾರದು.

ನನ್ನ ಬಾಲ್ಯದಲ್ಲಿ ಊರಿನ ನಾಯಿಗೆ ಬೆಲೆಯಿರಲಿಲ್ಲ, ಕೆಲಸವಿತ್ತು. ಅದು ಹಿತ್ತಿಲಲ್ಲಿ ಉಳಿದ ಗಂಜಿ ಕುಡಿದು, ರಾತ್ರಿ ತೋಟ ಕಾಯುತ್ತಿತ್ತು. ಮರಿ ಹಾಕಿದರೆ ಬೇಕಾದವರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಇಂದು ಸಣ್ಣ ಪಟ್ಟಣದ ಸಾಧಾರಣ ಮನೆಯಲ್ಲೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೇರಿಯನ್, ಪಗ್ ಕಾಣುತ್ತವೆ. ಹಸು ಕಟ್ಟಲು ಜಾಗವಿಲ್ಲದವರಿಗೆ, ಹೊರಗೆ ದುಡಿಯಲು ಹೋಗಲಾರದ ತಾಯಂದಿರಿಗೆ, ಒಂದು ಹೆಣ್ಣುನಾಯಿ ಸಾಕಿ ಮರಿ ಮಾರುವುದು ಕೈಗೆ ನಾಲ್ಕು ಕಾಸು ತರುವ ಉಪಕಸುಬಾಗಿದೆ. ಅದನ್ನು ನಾನು ಹೀನವೆಂದು ಎಣಿಸುವುದಿಲ್ಲ. ಕೋಳಿ, ಹಂದಿ, ಹಸು ಸಾಕಿ ಮಕ್ಕಳನ್ನು ಓದಿಸಿದ ಮನೆಗಳಿಂದಲೇ ನಮ್ಮಲ್ಲಿ ಅನೇಕರು ಗುರುಮಠಕ್ಕೆ ಹೋದವರು. ಆದರೆ ಹಸು ಸಾಕುವವನಿಗೆ ತಲೆಮಾರುಗಳಿಂದ ಬಂದ ತಿಳಿವಳಿಕೆಯೊಂದಿದೆ. ಗಬ್ಬದ ಹಸುವಿನ ಹಾಲನ್ನು ಈಯುವುದಕ್ಕೆ ಎರಡು ತಿಂಗಳ ಮೊದಲೇ ಬತ್ತಿಸಬೇಕು, ಕರುವಿಗೆ ಮೊದಲ ಗಿಣ್ಣುಹಾಲು ಕುಡಿಸಬೇಕು, ಈದ ಹಸುವಿಗೆ ಹಿಂಡಿ ಹೆಚ್ಚು ಕೊಡಬೇಕು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಿಯ ವಿಷಯದಲ್ಲಿ ನಮಗೆ ವ್ಯಾಪಾರ ಮೊದಲು ಬಂತು. ತಿಳಿವಳಿಕೆ ಇನ್ನೂ ಹಿಂದೆಯೇ ಉಳಿದಿದೆ.

ನಾನು ಪಶುವೈದ್ಯನಲ್ಲ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನ ಭಾಗವನ್ನು ನನಗೆ ಕಲಿಸಿಕೊಟ್ಟವರು, ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ನೆಲೆಸಿದ್ದ ನಿವೃತ್ತ ಪಶುವೈದ್ಯರು. ಭಾನುವಾರದ ಬಲಿಪೂಜೆಯ ಅನಂತರ ಚರ್ಚಿನ ಅಂಗಳದಲ್ಲಿ ಯಾರಾದರೂ, “ಡಾಕ್ಟ್ರೇ, ನಮ್ಮ ನಾಯಿ ಏಳು ಮರಿ ಹಾಕಿತು” ಎಂದು ಹಿಗ್ಗಿನಿಂದ ಹೇಳಿದರೆ, ಅವರು ತಪ್ಪದೆ ಮರುಪ್ರಶ್ನೆ ಹಾಕುತ್ತಿದ್ದರು: “ಸಂತೋಷ. ತಾಯಿ ಹೇಗಿದ್ದಾಳೆ?” ಅವರ ಬಾಯಲ್ಲಿ ಹೆಣ್ಣುನಾಯಿ ಎಂದೂ ‘ಅದು’ ಆಗಿರಲಿಲ್ಲ.

ಎಣಿಕೆಯ ಲೆಕ್ಕ

ನಾಯಿಯ ಗರ್ಭಕಾಲ ಸುಮಾರು 63 ದಿನ. ಒಂದು ಸೂಲಿನಲ್ಲಿ ಎಷ್ಟು ಮರಿಗಳಾಗುತ್ತವೆ ಎಂಬುದು ಮುಖ್ಯವಾಗಿ ತಾಯಿಯ ದೇಹದ ಗಾತ್ರವನ್ನು ಅವಲಂಬಿಸಿದೆ. ನಾರ್ವೆ ದೇಶದ ಸಂಶೋಧಕರು 224 ತಳಿಗಳ 10,810 ಸೂಲುಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಒಟ್ಟು ಸರಾಸರಿ 5.4 ಮರಿಗಳು. ಅತಿ ಚಿಕ್ಕ ತಳಿಗಳಲ್ಲಿ ಸರಾಸರಿ 3.5, ದೈತ್ಯ ತಳಿಗಳಲ್ಲಿ 7.1. ತಾಯಿಗೆ ವಯಸ್ಸಾದಂತೆ ಸಂಖ್ಯೆ ಇಳಿಯುತ್ತದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ನಿಯಾಪೊಲಿಟನ್ ಮ್ಯಾಸ್ಟಿಫ್ ತಳಿಯ ನಾಯಿಯೊಂದು 24 ಮರಿಗಳಿಗೆ ಜನ್ಮವಿತ್ತದ್ದು ವಿಶ್ವದಾಖಲೆ. ಅಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾವು ಬೆರಗಾಗುತ್ತೇವೆ. ಆದರೆ ಆ ಮರಿಗಳು ಹುಟ್ಟಿದ್ದು ಶಸ್ತ್ರಚಿಕಿತ್ಸೆಯಿಂದ, ಮತ್ತು ಎಲ್ಲವೂ ಉಳಿಯಲಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ.

ಹೆಣ್ಣುನಾಯಿಗೆ ಸಾಮಾನ್ಯವಾಗಿ ಎಂಟರಿಂದ ಹತ್ತು ಮೊಲೆಗಳಿರುತ್ತವೆ. ಎಲ್ಲದರಲ್ಲೂ ಹಾಲು ಸಮನಾಗಿ ಇಳಿಯುವುದಿಲ್ಲ. ಮರಿಗಳು ಹೆಚ್ಚಾದಂತೆ ಒಂದೊಂದರ ತೂಕ ಇಳಿಯುತ್ತದೆ; ಬಲವುಳ್ಳದ್ದು ಹಾಲಿರುವ ಮೊಲೆಯನ್ನು ಹಿಡಿಯುತ್ತದೆ, ಬಡವಾದದ್ದು ಅಂಚಿಗೆ ಸರಿಯುತ್ತದೆ. ಎಚ್ಚರಿಕೆಯಿಂದ ಸಾಕುವ ನಾರ್ವೆಯಂಥ ದೇಶದಲ್ಲಿಯೂ ನೂರು ಮರಿಗಳಲ್ಲಿ ಸುಮಾರು ಎಂಟು, ಹುಟ್ಟುವಾಗಲೋ ಮೊದಲ ವಾರದಲ್ಲೋ ಸಾಯುತ್ತವೆಂದು ಅದೇ ಸೂಲುಗಳ ಲೆಕ್ಕ ತಿಳಿಸುತ್ತದೆ. ಹೆಚ್ಚು ಮರಿ ಎಂದರೆ ಹೆಚ್ಚು ಆಶೀರ್ವಾದ ಎಂಬ ಲೆಕ್ಕ ಅಷ್ಟು ಸರಳವಲ್ಲ.

ಆದರೂ ಎಣಿಕೆಗೆ ಅದರದೇ ಆದ ಸತ್ಪ್ರಯೋಜನವಿದೆ. ಗರ್ಭ ಧರಿಸಿ ಸುಮಾರು 55 ದಿನ ಕಳೆದ ಮೇಲೆ ಎಕ್ಸರೇ ತೆಗೆಸಿದರೆ ಮರಿಗಳ ಎಲುಬುಗೂಡು ಕಾಣಿಸುತ್ತದೆ. ಎಷ್ಟಿವೆ ಎಂದು ಎಣಿಸಬಹುದು. ಐದು ಎಂದು ತಿಳಿದಿದ್ದು ನಾಲ್ಕು ಹೊರಬಂದರೆ, ಒಂದು ಇನ್ನೂ ಒಳಗಿದೆ ಎಂದು ಗೊತ್ತಾಗುತ್ತದೆ. ಒಳಗೆ ಉಳಿದ ಆ ಒಂದು ಮರಿ ತಾಯಿಯ ಪ್ರಾಣಕ್ಕೇ ಮುಳುವಾಗಬಹುದು. ಮಾರಾಟಕ್ಕಾಗಿ ಎಣಿಸುವುದು ಒಂದು. ತಾಯಿಯ ಜೀವಕ್ಕಾಗಿ ಎಣಿಸುವುದು ಇನ್ನೊಂದು.

ಲಿಲ್ಲಿಯ ಮೂರನೆಯ ಸೂಲು

ಮೇಲೆ ಹೇಳಿದ ಧರ್ಮಕೇಂದ್ರದಲ್ಲಿಯೇ ಒಬ್ಬ ವಿಧವೆ ತಾಯಿ ಇದ್ದರು. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದರು. ಒಬ್ಬನೇ ಮಗ ಐಟಿಐ ಓದುತ್ತಿದ್ದ. ಮನೆಯಲ್ಲಿ ಲಿಲ್ಲಿ ಎಂಬ ಬಿಳಿಯ ಪೊಮೇರಿಯನ್ ನಾಯಿ. ಅದರ ಮೊದಲ ಸೂಲಿನ ಮರಿಗಳನ್ನು ಮಾರಿದಾಗ ಮಗನ ಒಂದು ಅವಧಿಯ ಶುಲ್ಕ ಕಟ್ಟುವಷ್ಟು ಹಣ ಬಂತು. ಅಲ್ಲಿಂದ ಮುಂದೆ ಬೆದೆಗೆ ಬಂದಾಗಲೆಲ್ಲ ಅದನ್ನು ಗಂಡುನಾಯಿಯ ಬಳಿಗೆ ಒಯ್ಯುವುದು ವಾಡಿಕೆಯಾಯಿತು. ನಾಯಿ ಸಾಧಾರಣವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಹೀಗೆ ಎರಡು ವರ್ಷ ತುಂಬುವುದರೊಳಗೆ ಮೂರನೆಯ ಸೂಲು. ಅಷ್ಟು ಪುಟ್ಟ ನಾಯಿಗೆ ಐದು ಮರಿಗಳು. ಒಂದು ಮರಿ ಎರಡನೆಯ ದಿನವೇ ಸತ್ತಿತು.

ಈದು ಹದಿನೆಂಟು ದಿನಗಳಾಗಿದ್ದಿರಬಹುದು. ಒಂದು ಸಂಜೆ ಮಗ ಓಡಿಬಂದು, “ಫಾದರ್, ಲಿಲ್ಲಿ ನಡುಗುತ್ತಾ ಇದೆ, ಕಾಲು ಸೆಟೆದುಕೊಂಡಿದೆ, ಅಮ್ಮ ಅಳ್ತಾ ಇದ್ದಾರೆ” ಎಂದ. ವಿಷಪ್ರಾಶನವಾಗಿರಬೇಕೆಂದು ಮನೆಯವರ ಅನುಮಾನ. ನಾವು ಅದನ್ನು ಟವೆಲಿನಲ್ಲಿ ಸುತ್ತಿ ಜೀಪಿನಲ್ಲಿ ಪಶುವೈದ್ಯರ ಮನೆಗೆ ಒಯ್ದೆವು. ನಾಲಿಗೆ ಹೊರಚಾಚಿ ಏದುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ವೈದ್ಯರು ನೋಡಿದೊಡನೆ ಕೇಳಿದ್ದು, “ಮರಿಗಳಿಗೆ ಎಷ್ಟು ದಿನ? ಎಷ್ಟು ಕುಡಿಯುತ್ತಿವೆ?” ಎಂದು. ಅನಂತರ ರಕ್ತನಾಳಕ್ಕೆ ಸೂಜಿ ಏರಿಸಿ, ಇನ್ನೊಂದು ಕೈಯಲ್ಲಿ ಸ್ಟೆತೊಸ್ಕೋಪು ಹಿಡಿದು ಹೃದಯದ ಬಡಿತ ಆಲಿಸುತ್ತ, ಕ್ಯಾಲ್ಸಿಯಂ ಔಷಧಿಯನ್ನು ಬಹಳ ನಿಧಾನವಾಗಿ ಕೊಟ್ಟರು. ಅವಸರಪಟ್ಟರೆ ಹೃದಯವೇ ನಿಲ್ಲಬಹುದಂತೆ. ಅರ್ಧ ಗಂಟೆ ಕಳೆಯುವುದರೊಳಗೆ ನಡುಕ ಇಳಿಯಿತು. ಲಿಲ್ಲಿ ತಲೆಯೆತ್ತಿ ಸುತ್ತ ನೋಡಿತು, ಮರಿಗಳನ್ನು ಹುಡುಕುತ್ತಿತ್ತು.

ಹಸುಗಳಲ್ಲಿ ನಾವು ಹಾಲುಜ್ವರ ಎಂದು ಕರೆಯುವ ಕಾಯಿಲೆಗೆ ಹತ್ತಿರದ್ದು ಇದು. ಹಾಲಿನ ಮೂಲಕ ಮರಿಗಳಿಗೆ ಹರಿದುಹೋಗುವ ಸುಣ್ಣದ ಅಂಶವನ್ನು ತಾಯಿಯ ದೇಹ ಅಷ್ಟೇ ವೇಗವಾಗಿ ತುಂಬಿಕೊಳ್ಳಲಾರದೆ ಹೋದಾಗ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಚಿಕ್ಕ ತಳಿಯ ನಾಯಿಗೆ ಹೆಚ್ಚು ಮರಿಗಳಾದಾಗ, ಈದ ಮೊದಲ ನಾಲ್ಕು ವಾರಗಳಲ್ಲಿ, ಇದರ ಅಪಾಯ ಹೆಚ್ಚು. ಚಿಕಿತ್ಸೆ ತಡವಾದರೆ ಸಾವು ಖಚಿತವೆಂದೇ ಹೇಳಬೇಕು.

ಆ ತಾಯಿ ಕಣ್ಣೊರೆಸಿಕೊಳ್ಳುತ್ತ, “ಗಬ್ಬ ಆದಾಗಿಂದ ದಿನಾ ಕ್ಯಾಲ್ಸಿಯಂ ಮಾತ್ರೆ ಹಾಕ್ತಾ ಇದ್ದೆ ಡಾಕ್ಟ್ರೇ, ಒಂದು ದಿನಾನೂ ತಪ್ಪಿಸಿಲ್ಲ” ಎಂದರು. ವೈದ್ಯರು ಮೃದುವಾಗಿ ವಿವರಿಸಿದರು. ಎಲುಬಿನ ಉಗ್ರಾಣದಿಂದ ಸುಣ್ಣದ ಅಂಶವನ್ನು ಹೊರತೆಗೆದು ರಕ್ತಕ್ಕೆ ಒದಗಿಸುವ ಕೆಲಸ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳದು. ಗರ್ಭದ ಕಾಲದಲ್ಲಿ ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಆ ಗ್ರಂಥಿಗಳು ಕೆಲಸ ಮರೆತು ಮಂದವಾಗುತ್ತವೆ. ಈದ ಮೇಲೆ ಒಮ್ಮೆಲೇ ಬೇಡಿಕೆ ಏರಿದಾಗ ಅವು ಎಚ್ಚರಗೊಳ್ಳುವುದು ತಡವಾಗುತ್ತದೆ. ಆದ್ದರಿಂದ ವೈದ್ಯರು ಹೇಳದೆ ಗಬ್ಬದ ನಾಯಿಗೆ ಕ್ಯಾಲ್ಸಿಯಂ ಮಾತ್ರೆ ಕೊಡಬಾರದು. ಪ್ರೀತಿಯೊಂದೇ ಸಾಲದು, ಪ್ರೀತಿಗೆ ತಿಳಿವಳಿಕೆಯ ಜೊತೆ ಬೇಕು ಎಂಬುದನ್ನು ಅಂದು ನಾನು ಪಶುವೈದ್ಯರ ಜಗಲಿಯ ಮೇಲೆ ಕೇಳಿದೆ.

ಮರಿಗಳನ್ನು ಒಂದು ದಿನ ತಾಯಿಯಿಂದ ಬೇರೆ ಇಟ್ಟು, ನಾಯಿಮರಿಗಳಿಗೆಂದೇ ತಯಾರಾದ ಪುಡಿಹಾಲನ್ನು ಕುಡಿಸಲಾಯಿತು. ಬೇಗನೆ ಮೆತ್ತಗಿನ ಆಹಾರ ರೂಢಿಸಲಾಯಿತು. ನಾಲ್ಕೂ ಉಳಿದವು.

ಮರುವಾರ ಆ ತಾಯಿ ಗುರುನಿವಾಸಕ್ಕೆ ಬಂದರು. “ಫಾದರ್, ಇನ್ನು ಮೇಲೆ ಲಿಲ್ಲಿಗೆ ಮರಿ ಹಾಕಿಸಿದರೆ ಪಾಪವೇ? ಹಾಕಿಸದಿದ್ದರೆ ಹುಡುಗನ ಫೀಸಿಗೆ ಏನು ಮಾಡಲಿ?” ಎಂದು ನೇರವಾಗಿ ಕೇಳಿದರು. ಗುರುಮಠದಲ್ಲಿ ನಾವು ಓದಿದ ನೀತಿಶಾಸ್ತ್ರದ ಪುಸ್ತಕಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ನಾನು ಹೇಳಿದ್ದು ಇಷ್ಟು: “ಮರಿ ಹಾಕಿಸುವುದು ಪಾಪವಲ್ಲ ಅಮ್ಮ. ಪ್ರಾಣಿಗಳ ನೆರವಿನಿಂದ ಬದುಕು ಕಟ್ಟಿಕೊಳ್ಳಲು ದೇವರು ನಮಗೆ ಅನುಮತಿ ಕೊಟ್ಟಿದ್ದಾರೆ. ಆದರೆ ಲಿಲ್ಲಿ ನಿಮ್ಮ ಮನೆಯ ಹೊಲಿಗೆ ಯಂತ್ರವಲ್ಲ. ಯಂತ್ರಕ್ಕೂ ನೀವು ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿಡುತ್ತೀರಿ. ಇದಕ್ಕೆ ಒಂದು ವರ್ಷ ಬಿಡುವು ಕೊಡಿ. ಫೀಸಿಗೆ ದಾರಿ ಹುಡುಕೋಣ.” ದಾರಿ ಸಿಕ್ಕಿತು. ಧರ್ಮಕೇಂದ್ರದ ಮಹಿಳೆಯರ ಸ್ವಸಹಾಯ ಗುಂಪಿನಿಂದ ಒಂದು ಸಣ್ಣ ಸಾಲ. ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ. ಕಷ್ಟವಿರಲಿಲ್ಲವೆಂದು ಹೇಳಲಾರೆ. ಆ ವರ್ಷ ಆ ಮನೆಯಲ್ಲಿ ರಾತ್ರಿ ಹನ್ನೊಂದರ ತನಕ ಹೊಲಿಗೆ ಯಂತ್ರದ ಸದ್ದು ಕೇಳಿಸುತ್ತಿತ್ತು. ವರ್ಷ ದಾಟಿದ ಮೇಲೆ ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟು, ಲಿಲ್ಲಿ ಇನ್ನೊಮ್ಮೆ ಗಬ್ಬವಾಯಿತು. ಮೂರು ಮರಿಗಳು, ಮೂರೂ ದುಂಡಗೆ ಬೆಳೆದವು. ಅನಂತರ ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿ ಮರಿಗಳ ಅಧ್ಯಾಯ ಮುಗಿಸಿದರು.

ಬಿಡುವು ಎಷ್ಟು?

ತಳಿ ಬೆಳೆಸುವವರಲ್ಲಿ ಈ ಕುರಿತು ಎರಡು ಅಭಿಪ್ರಾಯಗಳಿವೆ. ಒಂದು ಸೂಲಿನ ಅನಂತರ ಕನಿಷ್ಠ ಒಂದು ಬೆದೆಯನ್ನಾದರೂ ಬಿಟ್ಟುಬಿಡಬೇಕೆಂಬುದು ಒಂದು. ಪ್ರಾಯದಲ್ಲಿರುವಾಗಲೇ ಎರಡು ಸೂಲುಗಳನ್ನು ಒಂದರ ಹಿಂದೊಂದು ಪಡೆದು, ಬೇಗನೆ ನಿಲ್ಲಿಸಿಬಿಡುವುದು ಲೇಸೆಂಬುದು ಮತ್ತೊಂದು. ಎರಡನೆಯ ವಾದಕ್ಕೆ ಆಧಾರವಿಲ್ಲದಿಲ್ಲ. ಬೆದೆ ಬಂದು ಹೋದಾಗಲೆಲ್ಲ, ಗರ್ಭ ನಿಂತರೂ ನಿಲ್ಲದಿದ್ದರೂ, ನಾಯಿಯ ಗರ್ಭಕೋಶದ ಮೇಲೆ ಹಾರ್ಮೋನಿನ ಪ್ರಭಾವ ವಾರಗಟ್ಟಲೆ ಇರುತ್ತದೆ. ವಯಸ್ಸಾಗುತ್ತ ಹೋದಂತೆ ಇದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದುಂಟು. ಸ್ವೀಡನ್ನಿನ ವಿಮಾ ದಾಖಲೆಗಳನ್ನು ಆಧರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ಕಾಲುಭಾಗದಷ್ಟು ಹೆಣ್ಣುನಾಯಿಗಳಿಗೆ ಈ ಕಾಯಿಲೆ ಬಂದಿತ್ತು. ಆದರೆ ಒಂದರ ಹಿಂದೊಂದು ಸೂಲು ಎನ್ನುವವರು ಕೂಡ ಒಂದು ಷರತ್ತು ಹಾಕುತ್ತಾರೆ: ತಾಯಿ ಮೊದಲಿನ ತೂಕಕ್ಕೆ, ಮೊದಲಿನ ಬಲಕ್ಕೆ ಮರಳಿರಬೇಕು, ವೈದ್ಯರು ಪರೀಕ್ಷಿಸಿ ಹೇಳಿರಬೇಕು. ನಮ್ಮ ಮನೆಗಳಲ್ಲಿ ಮರೆತುಹೋಗುವುದು ಆ ಷರತ್ತೇ.

ನಮ್ಮ ದೇಶದ ಕಾನೂನು ಬಿಡುವಿನ ಪರವಾಗಿದೆ. ಕೇಂದ್ರ ಸರ್ಕಾರ 2017ರಲ್ಲಿ ನಾಯಿತಳಿ ಸಾಕಣೆ ಮತ್ತು ಮಾರಾಟಕ್ಕೆ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯನ್ನು ಗಂಡಿನ ಜೊತೆ ಸೇರಿಸಬಾರದು; ಎರಡು ಬೆದೆಗಳಲ್ಲಿ ಒಂದರ ಹಿಂದೊಂದು ಮರಿ ಹಾಕಿಸಬಾರದು; ಜೀವಮಾನದಲ್ಲಿ ಐದು ಸೂಲುಗಳನ್ನು ಮೀರಬಾರದು; ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ ನಿಯಮಗಳು ಎಷ್ಟು ಮಂದಿ ಓದುಗರಿಗೆ ತಿಳಿದಿವೆ?

ತಾಯಿಯ ಕಷ್ಟವನ್ನು ನಾವು ತಳಿಯೊಳಗೇ ಹೆಣೆದುಬಿಟ್ಟಿರುವ ಉದಾಹರಣೆಗಳೂ ಇವೆ. ಮೊಂಡು ಮೂಗು, ದೊಡ್ಡ ತಲೆ, ಕಿರಿದಾದ ಸೊಂಟ ಚೆಂದವೆಂದು ತಲೆಮಾರುಗಳಿಂದ ಆಯ್ದು ಬೆಳೆಸಿದ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್ ತಳಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸೂಲುಗಳು ಸಿಸೇರಿಯನ್ನಿನಿಂದಲೇ ಆಗುತ್ತಿವೆಯೆಂದು ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಮರಿಯ ತಲೆ ತಾಯಿಯ ಹಾದಿಗಿಂತ ದೊಡ್ಡದು. ನಮ್ಮ ಕಣ್ಣಿನ ಚಪಲಕ್ಕೆ ಒಂದು ಪ್ರಾಣಿ ತಾನಾಗಿ ಹೆರುವ ಶಕ್ತಿಯನ್ನೇ ಕಳೆದುಕೊಂಡಿತೆಂದರೆ, ಕೊಳ್ಳುವ ಮುನ್ನ ಒಮ್ಮೆ ಯೋಚಿಸಬೇಕಲ್ಲವೇ?

ನಾಯಿಗೂ ಬಾಣಂತನ

ಮಗಳು ಹೆರಿಗೆಗೆ ತವರಿಗೆ ಬಂದರೆ ಬಿಸಿನೀರು, ಎಣ್ಣೆ, ಬೆಚ್ಚನೆಯ ಕೋಣೆ, ಹೊತ್ತುಹೊತ್ತಿಗೆ ಊಟ ಎಂದು ನಮ್ಮ ತಾಯಂದಿರು ತಿಂಗಳುಗಟ್ಟಲೆ ಬಾಣಂತನ ಮಾಡುತ್ತಾರೆ. ನಾಯಿಯನ್ನು ಮಗಳಿಗೆ ಸಮಾನವೆಂದು ನಾನು ಹೇಳುತ್ತಿಲ್ಲ. ಆದರೆ ಬಾಣಂತಿಯ ಅಗತ್ಯ ಏನೆಂಬುದನ್ನು ಬಲ್ಲ ಮನೆಗೆ ಈದ ನಾಯಿಯ ಅಗತ್ಯವೂ ತಿಳಿಯದೇ ಇರದು.

ಗಾಳಿ, ಮಳೆ, ಜನರ ಗಲಾಟೆ ತಾಗದ ಮೂಲೆಯೊಂದು ಈಯುವುದಕ್ಕೆ ಒಂದೆರಡು ವಾರ ಮೊದಲೇ ಸಿದ್ಧವಾಗಿರಲಿ. ಮರಿಗಳಿಗೆ ಮೊದಲ ಎರಡು ವಾರ ತಮ್ಮ ಮೈಯ ಬಿಸಿಯನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯ ಒಡಲೇ ಅವುಗಳ ಒಲೆ. ಮೊದಲ ದಿನದ ಗಿಣ್ಣುಹಾಲು ಎಲ್ಲಕ್ಕೂ ಸಿಗಲಿ. ಹಾಲೂಡಿಸುವ ಮೂರು, ನಾಲ್ಕನೆಯ ವಾರದ ಹೊತ್ತಿಗೆ ತಾಯಿಗೆ ಎಂದಿನ ಎರಡು ಮೂರು ಪಾಲು, ಮರಿಗಳು ಹೆಚ್ಚಿದ್ದರೆ ಅದಕ್ಕೂ ಮಿಗಿಲಾದ ಆಹಾರ ಬೇಕು. ಬರೀ ಅನ್ನ, ಸಾರು ಸಾಲದು. ಮೊಟ್ಟೆ, ಮೀನು, ಮಾಂಸ ಸೇರಲಿ. ದಿನಕ್ಕೆ ಮೂರು ನಾಲ್ಕು ಬಾರಿ ಹಂಚಿ ಕೊಡುವುದು ಉತ್ತಮ. ಕುಡಿಯುವ ನೀರಿನ ಬಟ್ಟಲು ಎಂದೂ ಬರಿದಾಗದಿರಲಿ.

ಅಪಾಯದ ಸೂಚನೆಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಬಲವಾಗಿ ಮುಕ್ಕುತ್ತ ಅರ್ಧ ಗಂಟೆ ಕಳೆದರೂ ಮರಿ ಬಾರದಿದ್ದರೆ, ಒಂದು ಮರಿಯ ಅನಂತರ ಎರಡು ಗಂಟೆ ಕಳೆದರೂ ಒಳಗಿರುವ ಇನ್ನೊಂದು ಬಾರದಿದ್ದರೆ, ಮೊದಲ ಮರಿಗೂ ಮೊದಲೇ ಹಸಿರು ಸ್ರಾವ ಕಂಡರೆ ಕಾಯುತ್ತ ಕೂರದೆ ವೈದ್ಯರನ್ನು ಕರೆಯಬೇಕು. ಈದ ಮೇಲೆ ಮೊಲೆ ಊದಿ ಬಿಸಿಯಾಗಿ ಗಟ್ಟಿಯಾದರೆ, ದುರ್ವಾಸನೆಯ ಸ್ರಾವವಿದ್ದರೆ, ತಾಯಿ ಊಟ ಬಿಟ್ಟರೆ, ನಡುಗಿದರೆ, ನೆಟ್ಟಗೆ ನಡೆಯಲಾರದೆ ಹೋದರೆ ಅಂದೇ ಚಿಕಿತ್ಸೆಯಾಗಬೇಕು. ಮುಂದಿನ ಸೋಮವಾರಕ್ಕೆಂದು ಬಿಡುವಂಥದ್ದಲ್ಲ.

ಮತ್ತೊಂದು ನೋವಿನ ಸಂಗತಿ. ಮಾರಾಟವಾಗದ ಮರಿಗಳನ್ನು, ಅದರಲ್ಲೂ ಹೆಣ್ಣುಮರಿಗಳನ್ನು, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುಕಟ್ಟೆಯ ಬದಿಯಲ್ಲೋ ಚರ್ಚಿನ ಗೇಟಿನ ಬಳಿಯಲ್ಲೋ ಬಿಟ್ಟುಹೋಗುವವರಿದ್ದಾರೆ. ಕಣ್ಣು ಬಿಡದ ಮರಿಗಳನ್ನು ಮುಂಜಾನೆಯ ಪೂಜೆಗೆ ಬಾಗಿಲು ತೆರೆಯುವಾಗ ಕಂಡಿದ್ದೇನೆ. ಅಂಥ ದಿನ ಎಲ್ಲೋ ಒಂದು ಮನೆಯಲ್ಲಿ ತಾಯಿಯೊಂದು ಹಾಲು ತುಂಬಿದ ಮೊಲೆಯ ನೋವಿನಿಂದ ಅಲೆದಾಡುತ್ತಿರುತ್ತದೆ. ಸಾಕಲಾಗದಿದ್ದರೆ, ಮಾರಲಾಗದಿದ್ದರೆ, ಸಂತಾನಹರಣ ಶಸ್ತ್ರಚಿಕಿತ್ಸೆಯೇ ದಯೆಯ ದಾರಿ. “ಫಾದರ್, ನಾಯಿಗೆ ಆಪರೇಷನ್ ಮಾಡಿಸುವುದು ಧರ್ಮಸಭೆಯ ಬೋಧನೆಗೆ ವಿರುದ್ಧವಲ್ಲವೇ?” ಎಂದು ಸಂಕೋಚದಿಂದ ಕೇಳಿದವರಿದ್ದಾರೆ. ವಿರುದ್ಧವಲ್ಲ. ಸಂತಾನದ ಕುರಿತ ಧರ್ಮಸಭೆಯ ಬೋಧನೆ ದಂಪತಿಗಳ ಪ್ರೀತಿ ಹಾಗೂ ಮಾನವ ಘನತೆಗೆ ಸಂಬಂಧಿಸಿದ್ದು. ಪ್ರಾಣಿಗಳ ವಿಷಯದಲ್ಲಿ ನಮಗಿರುವುದು ಮೇಲ್ವಿಚಾರಕನ ಹೊಣೆ. ಅವುಗಳ ನೋವು ತಗ್ಗಿಸುವುದು ಆ ಹೊಣೆಯ ಭಾಗವೇ ಆಗಿದೆ.

ಹಾಲೂಡಿಸುವವುಗಳ ನಡಿಗೆ

ಪವಿತ್ರ ಬೈಬಲಿನಲ್ಲಿ ತಾಯಿಪ್ರಾಣಿಗಳ ಬಗ್ಗೆ ಇರುವ ಕಾಳಜಿಯನ್ನು ನಾವು ಓದಿಯೂ ಗಮನಿಸಿರುವುದಿಲ್ಲ. ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ಗೂಡಿನಲ್ಲಿ ಮರಿಗಳನ್ನು ಕಂಡವನು ಅವುಗಳ ಜೊತೆ ತಾಯಿಹಕ್ಕಿಯನ್ನೂ ಹಿಡಿಯಬಾರದೆಂಬ ವಿಧಿಯಿದೆ. ಅದನ್ನು ಪಾಲಿಸುವವನಿಗೆ ದೀರ್ಘಾಯುಷ್ಯದ ವಾಗ್ದಾನವೂ ಇದೆ. ತಂದೆತಾಯಿಯನ್ನು ಗೌರವಿಸುವವರಿಗೆ ಹತ್ತು ಆಜ್ಞೆಗಳಲ್ಲಿ ದೊರೆತಿರುವ ವಾಗ್ದಾನವೂ ಅದೇ. ಯಾಜಕಕಾಂಡ ಹುಟ್ಟಿದ ಕರುವನ್ನೋ ಕುರಿಮರಿಯನ್ನೋ ಏಳು ದಿನ ತಾಯಿಯ ಬಳಿಯಲ್ಲೇ ಬಿಡಬೇಕೆನ್ನುತ್ತದೆ. ಸಬ್ಬತ್ ದಿನದ ವಿಶ್ರಾಂತಿ ಎತ್ತು, ಕತ್ತೆಗಳಿಗೂ ಸಲ್ಲಬೇಕೆಂದು ವಿಮೋಚನಾಕಾಂಡ ವಿಧಿಸುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದುದು ಆದಿಕಾಂಡದ ಮೂವತ್ತಮೂರನೆಯ ಅಧ್ಯಾಯದ ಒಂದು ಪ್ರಸಂಗ. ಹಲವು ವರ್ಷಗಳ ವೈರ ಮರೆತು ಏಸಾವ, ಯಕೋಬ ಅಪ್ಪಿಕೊಂಡ ಮೇಲೆ, ಜೊತೆಯಾಗಿ ಪ್ರಯಾಣ ಮಾಡೋಣವೆಂದು ಅಣ್ಣ ಕರೆಯುತ್ತಾನೆ. ಯಕೋಬ ನಯವಾಗಿ ಒಲ್ಲೆನೆನ್ನುತ್ತಾನೆ. ತನ್ನ ಬಳಿ ಎಳೆಯ ಮಕ್ಕಳೂ ಹಾಲೂಡಿಸುವ ಕುರಿದನಗಳೂ ಇವೆ, ಒಂದೇ ಒಂದು ದಿನ ಅವುಗಳನ್ನು ಮೀರಿ ಓಡಿಸಿದರೂ ಹಿಂಡೆಲ್ಲ ಸತ್ತುಹೋಗುತ್ತದೆ, ಆದ್ದರಿಂದ ಅವುಗಳ ನಡಿಗೆಗೆ ತಕ್ಕಂತೆ ತಾನು ಮೆಲ್ಲನೆ ಬರುವುದಾಗಿ ಹೇಳುತ್ತಾನೆ. ಯಕೋಬ ಲೆಕ್ಕಾಚಾರದ ಮನುಷ್ಯ. ಹಿಂಡನ್ನು ಹೆಚ್ಚಿಸುವುದರಲ್ಲಿ ನಿಪುಣ. ಆದರೂ ಹಾಲೂಡಿಸುವ ತಾಯಿಯ ಎದುರು ಅವನ ಲೆಕ್ಕ ತಲೆಬಾಗುತ್ತದೆ. ಪ್ರವಾದಿ ಯೆಶಾಯನು ನಲವತ್ತನೆಯ ಅಧ್ಯಾಯದಲ್ಲಿ ಸ್ವತಃ ದೇವರನ್ನೇ, ಹಾಲೂಡಿಸುವ ಕುರಿಗಳನ್ನು ಮೆಲ್ಲನೆ ನಡೆಸುವ ಕುರುಬನಂತೆ ಕಂಡಿದ್ದಾನೆ. ನಾವು ಯಾರ ಪ್ರತಿರೂಪದಲ್ಲಿ ಸೃಷ್ಟಿಯಾದೆವೋ ಅವರ ಗುಣ ಇದು.

ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ವಿಷಯದಲ್ಲಿ ಸಮತೋಲನ ಕಾಯ್ದುಕೊಂಡಿದೆ. ಪ್ರಾಣಿಗಳಿಗೆ ವಿನಾಕಾರಣ ನೋವುಂಟುಮಾಡುವುದು ಮಾನವ ಘನತೆಗೆ ತಕ್ಕುದಲ್ಲವೆಂದು ಹೇಳುವ ಅದೇ ಭಾಗ, ಬಡವರ ಸಂಕಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಬಾರದೆಂದೂ ಎಚ್ಚರಿಸುತ್ತದೆ. ನಾಯಿಗೆ ಹುಟ್ಟುಹಬ್ಬದ ಕೇಕು ಕತ್ತರಿಸುವುದು ಬೇಡ. ಅದರ ಹೊಟ್ಟೆಯಿಂದ ದುಡಿದ ಹಣದಲ್ಲಿ ಒಂದು ಪಾಲನ್ನು ಅದರ ಊಟಕ್ಕೆ, ಔಷಧಿಗೆ ಎತ್ತಿಡುವುದು ಮಾತ್ರ ನ್ಯಾಯ. ಅದು ಕನಿಕರವೂ ಅಲ್ಲ, ಕೂಲಿ.

ಪ್ರಿಯ ಓದುಗರೇ, ಹೆರಿಗೆ ಆಸ್ಪತ್ರೆಯ ವರಾಂಡದಲ್ಲಿಯೂ ನಾನು ಅನೇಕ ಬಾರಿ ನಿಂತಿದ್ದೇನೆ. ಬಾಗಿಲು ತೆರೆದು ದಾದಿ ಹೊರಬಂದಾಗ ಕಾದಿದ್ದವರು ಕೇಳುವುದು, “ಗಂಡೋ, ಹೆಣ್ಣೋ?” ಎಂದು, ಬಳಿಕ, “ತೂಕ ಎಷ್ಟು?” ಎಂದು. ಒಳಗೆ ಮಲಗಿರುವವಳ ಬಗ್ಗೆ ಮೊದಲು ಕೇಳುವುದು ಬಹುಮಟ್ಟಿಗೆ ಅವಳ ಹೆತ್ತಮ್ಮ ಒಬ್ಬಳೇ. ಹುಟ್ಟಿದ್ದನ್ನು ಎಣಿಸಿ, ಹೆತ್ತವಳನ್ನು ಮರೆಯುವ ಈ ರೂಢಿ ನಮ್ಮಲ್ಲಿ ಆಳವಾಗಿದೆ. ಕೊಟ್ಟಿಗೆಯಲ್ಲೂ ಹಿತ್ತಿಲಲ್ಲೂ ಕಲಿತ ಕಠಿಣತೆ ಮನೆಯೊಳಗೆ ಬಾರದೆ ಇರುವುದಿಲ್ಲ. ಅಲ್ಲಿ ರೂಢಿಸಿಕೊಂಡ ಮೃದುತ್ವವೂ ಹಾಗೆಯೇ ಒಳಗೆ ಬರುತ್ತದೆ. ನಮ್ಮ ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ.

ಆದ್ದರಿಂದ ಮುಂದಿನ ಬಾರಿ ನೆರೆಮನೆಯಲ್ಲಿ ನಾಯಿ ಈದ ಸುದ್ದಿ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ದೂರದಲ್ಲೇ ನಿಂತು, ಗಲಾಟೆ ಮಾಡದೆ ಮರಿಗಳನ್ನು ನೋಡಲಿ. ಸಾಧ್ಯವಾದರೆ ತಾಯಿಗೆ ಒಂದು ಬೇಯಿಸಿದ ಮೊಟ್ಟೆ ಕೊಂಡೊಯ್ಯಿರಿ. ಮರಿಗಳ ಲೆಕ್ಕ ಕೇಳಲು ಸಮಯವಿದೆ. ಮೊದಲು ಕೇಳಬೇಕಾದದ್ದನ್ನು ಮೊದಲು ಕೇಳಿ: “ತಾಯಿ ಹೇಗಿದ್ದಾಳೆ?”